ಸ್ಪೇರ್ ಇತ್ತು, ಆದರೆ ಅದೂ ತೂತಾಗಿತ್ತು

ಇವತ್ತಿನ ಸಂಚಿಕೆಯನ್ನ ನನ್ನದೇ ಒಂದು ದಡ್ಡತನದಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ನಾನು ಮತ್ತು ನನ್ನ ಗೆಳೆಯ ಹಿಮಾಚಲದ ಸ್ಪಿತಿ ಕಣಿವೆಗೆ ಬೈಕ್‌ನಲ್ಲಿ ಹೋಗಿದ್ವಿ. ಕಾಜಾದಿಂದ ಹೊರಟು, ಲೋಸರ್ ಹಳ್ಳಿ ದಾಟಿ, ಕುಂಜುಮ್ ಪಾಸ್ ಹತ್ತೋ ದಾರಿ. ಪಾಸ್ ಇರೋದು ಸುಮಾರು 4,500 ಮೀಟರ್ ಎತ್ತರದಲ್ಲಿ. ಡಾಂಬರು ಅನ್ನೋದೇ ಇರಲಿಲ್ಲ, ಬರೀ ಕಲ್ಲು, ಧೂಳು. ಅಲ್ಲಿ ನನ್ನ ಮುಂದಿನ ಚಕ್ರ ಪಂಕ್ಚರ್ ಆಯ್ತು. ಟ್ಯೂಬು ವಾಲ್ವ್ ಹತ್ರಾನೇ ಹರಿದಿತ್ತು, ಪ್ಯಾಚ್ ಹಾಕೋ ಹಾಗಿರಲಿಲ್ಲ. ಆದ್ರೂ ನಾನು ಗಾಬರಿ ಆಗ್ಲಿಲ್ಲ. ಬೆಂಗಳೂರಿಂದಲೇ ಹೊಸ ಟ್ಯೂಬ್ ತಂದಿದ್ನಲ್ಲ!

ಹೊಸ ಟ್ಯೂಬ್ ಹಾಕಿ ಗಾಳಿ ಹೊಡೆದ್ವಿ. ನಿಲ್ಲಲಿಲ್ಲ. ಬಿಚ್ಚಿ ನೋಡಿದ್ರೆ, ಮಡಚಿದ ಜಾಗದಲ್ಲಿ ಎರಡು ಸಣ್ಣ ತೂತು. ಸೈಡ್ ಬ್ಯಾಗಿನಲ್ಲಿ ಅದರ ಪಕ್ಕದಲ್ಲೇ ಸ್ಪ್ಯಾನರ್‌ಗಳನ್ನ ತುರುಕಿದ್ದೆ. ಎಂಟು ದಿನ ಅವು ಅಲುಗಾಡಿ ಅಲುಗಾಡಿ, ಉಜ್ಜಿ ಉಜ್ಜಿ, ಒಂದು ಕಿಲೋಮೀಟರ್ ಕೂಡ ಓಡದ ಟ್ಯೂಬನ್ನ ತೂತು ಮಾಡಿದ್ವು. ಸರಿ, ಇದಕ್ಕೆ ಪ್ಯಾಚ್ ಹಾಕೋಣ ಅಂದ್ರೆ ಅಂಟು ಅದರ ಡಬ್ಬಿಯೊಳಗೇ ಒಣಗಿಹೋಗಿತ್ತು.

ಗೆಳೆಯ ನನ್ನ ಮುಖ ನೋಡಿ, "ಮಗಾ, ಸ್ಪೇರ್ ತಂದಿದ್ದೀಯ ಸರಿ. ಸ್ಪೇರ್‌ಗೆ ಸ್ಪೇರ್ ಎಲ್ಲಿ?" ಅಂದ. ಮೂರು ಗಂಟೆ ಕಾದ್ವಿ. ಬಿಸಿಲು ಇಳಿಯೋಕೆ ಶುರುವಾಯ್ತು, ಗಾಳಿ ಎದ್ದಿತು, ಬಾಟಲಲ್ಲಿ ಅರ್ಧ ನೀರು. ಕೊನೆಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಅಂಟು ಕೊಟ್ಟರು. ಅವರ ಪಂಕ್ಚರ್ ಸಾಮಾನೆಲ್ಲ ಒಂದು ತಗಡಿನ ಡಬ್ಬದಲ್ಲಿ, ಹಳೇ ಬನಿಯನ್ ಬಟ್ಟೆ ಸುತ್ತಿಕೊಂಡು ಬೆಚ್ಚಗೆ ಕೂತಿತ್ತು. ದುಡ್ಡು ಕೊಟ್ರೆ ತಗೊಳ್ಳಲಿಲ್ಲ.

ಆ ದಿನ ನನಗೆ ಹೊಳೆದದ್ದು ಒಂದೇ ಮಾತು. ಸ್ಪೇರ್ ಪಾರ್ಟ್ ಕೂಡ ನಾವು ಹೋಗೋ ದಾರಿಯಲ್ಲೇ ಪ್ರಯಾಣ ಮಾಡುತ್ತೆ. ಗಾಡಿ ತಿನ್ನೋ ಏಟನ್ನೆಲ್ಲ ಅದೂ ತಿನ್ನುತ್ತೆ. ಊರಿಗೆ ಬಂದ ಮೇಲೆ, ದಾರಿಯೇ ಇಲ್ಲದ ಕಡೆ ಮೊದಮೊದಲು ಗಾಡಿ ಓಡಿಸಿದವರು ಏನು ಮಾಡ್ತಿದ್ರು ಅಂತ ಓದೋಕೆ ಕೂತೆ. ಇವತ್ತಿನ ಕಥೆ ಅದೇ.

ಮೊದಲು 1907ಕ್ಕೆ ಹೋಗೋಣ. ಆ ವರ್ಷ ಪ್ಯಾರಿಸ್‌ನ ಒಂದು ಪತ್ರಿಕೆ ಸವಾಲು ಹಾಕಿತು: ಚೀನಾದ ಪೀಕಿಂಗ್‌ನಿಂದ, ಅಂದರೆ ಇವತ್ತಿನ ಬೀಜಿಂಗ್‌ನಿಂದ, ಪ್ಯಾರಿಸ್‌ವರೆಗೆ ಕಾರಿನಲ್ಲಿ ಬರುವವರು ಯಾರಾದರೂ ಇದ್ದೀರಾ? ಜೂನ್ 10ರಂದು ಐದು ಗಾಡಿಗಳು ಹೊರಟವು. ಮುಂದೆ ಗೋಬಿ ಮರುಭೂಮಿ, ಆಮೇಲೆ ಸೈಬೀರಿಯಾ. ಗ್ಯಾರೇಜ್ ಬಿಡಿ, ಎಷ್ಟೋ ಕಡೆ ರಸ್ತೆಯೇ ಇರಲಿಲ್ಲ.

ಇಟಲಿಯ ರಾಜಕುಮಾರ ಶಿಪಿಯೋನೆ ಬೋರ್ಗೆಸೆ ತಂದಿದ್ದು ಇತಾಲಾ ಅನ್ನೋ ಕಾರು. ಜೊತೆಗೆ ಎತ್ತೊರೆ ಗುಯಿಜಾರ್ದಿ ಅನ್ನೋ ಮೆಕ್ಯಾನಿಕ್, ಲುಯಿಜಿ ಬಾರ್ಜಿನಿ ಅನ್ನೋ ಪತ್ರಕರ್ತ. ಬೋರ್ಗೆಸೆ ಲೆಕ್ಕಾಚಾರದ ಮನುಷ್ಯ. ಎಲ್ಲವನ್ನೂ ಕಾರಿನಲ್ಲೇ ಹೊತ್ತರೆ ಕಾರು ಕಲ್ಲಿನಲ್ಲಿ ಮುರಿಯುತ್ತೆ, ಮರಳಿನಲ್ಲಿ ಹೂತುಹೋಗುತ್ತೆ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಪೆಟ್ರೋಲು, ಟೈರುಗಳನ್ನ ದಾರಿಯುದ್ದಕ್ಕೂ ಮೊದಲೇ ಕಳಿಸಿ ಇಡಿಸಿದ್ದ. ಕಾರಿನ ಮಡ್‌ಗಾರ್ಡ್‌ಗಳನ್ನ ಉದ್ದನೆಯ ಕಬ್ಬಿಣದ ಹಲಗೆಗಳ ಹಾಗೆ ಮಾಡಿಸಿದ್ದ. ಬಿಚ್ಚಿದರೆ ಅವೇ ಹಳ್ಳ, ಕೆಸರು ದಾಟಿಸುವ ಸೇತುವೆ. ಒಂದೇ ವಸ್ತುವಿಗೆ ಎರಡು ಕೆಲಸ!

ಆದರೂ ಅವನು ಹೊತ್ತುಕೊಳ್ಳದ ಒಂದು ವಸ್ತುವೇ ಕೈಕೊಟ್ಟಿತು. ಆಗ ಕಾರಿನ ಚಕ್ರಗಳು ಮರದವು. ಬಿಸಿಲಿಗೆ ಒಣಗಿ ಕಡ್ಡಿಗಳು ಸಡಿಲವಾದವು. ಎತ್ತಿನ ಗಾಡಿ ಚಕ್ರ ನೋಡಿದವರಿಗೆ ಇದು ಗೊತ್ತಿರುತ್ತೆ, ಬೇಸಿಗೆಯಲ್ಲಿ ಮರ ಕುಗ್ಗುತ್ತೆ. ರಷ್ಯಾದಲ್ಲಿ ಅವರೂ ಚಕ್ರವನ್ನ ನೀರಿನಲ್ಲಿ ನೆನೆಸಿಟ್ಟು ನೋಡಿದರು. ಸ್ವಲ್ಪ ದೂರ ಬಂತು, ಆಮೇಲೆ ಮುರಿದೇಹೋಯಿತು. ಕೊನೆಗೆ ಕಾಪಾಡಿದ್ದು ಹಳ್ಳಿಯ ಒಬ್ಬ ಬಡಗಿ. ಕಾರಿನ ಕೆಲಸ ಅವನಿಗೆ ಗೊತ್ತಿರಲಿಲ್ಲ, ಗಾಡಿ ಚಕ್ರ ಗೊತ್ತಿತ್ತು. ಕೊಡಲಿ ಹಿಡಿದು ಹೊಸ ಕಡ್ಡಿ ಕೆತ್ತಿ ಕೂರಿಸಿದ. ಆಗಸ್ಟ್ 10ರಂದು, ಹೊರಟ ಸರಿಯಾಗಿ ಎರಡು ತಿಂಗಳಿಗೆ, ಇತಾಲಾ ಮೊದಲನೆಯದಾಗಿ ಪ್ಯಾರಿಸ್ ಮುಟ್ಟಿತು.

ಅದೇ ರೇಸಿನಲ್ಲಿ ಸ್ಪೈಕರ್ ಅನ್ನೋ ಡಚ್ ಕಾರಿತ್ತು. ಅದರ ಚಾಲಕ ಶಾರ್ಲ್ ಗೊದಾರ್. ಸೈಬೀರಿಯಾದಲ್ಲಿ ಆ ಕಾರಿನ ಮ್ಯಾಗ್ನೆಟೋ ಕೆಟ್ಟಿತು. ಮ್ಯಾಗ್ನೆಟೋ ಅಂದರೆ ಎಂಜಿನ್‌ಗೆ ಕಿಡಿ ಕೊಡೋ ಸಾಧನ. ಅದನ್ನ ಬಡಗಿ ಕೆತ್ತೋಕಾಗಲ್ಲ. ರಿಪೇರಿಗೆ ರೈಲಿನಲ್ಲಿ ಟಾಮ್‌ಸ್ಕ್ ನಗರದವರೆಗೆ ಹೋಗಬೇಕಾಯಿತು. ಒಂದು ಸಣ್ಣ ಪಾರ್ಟ್‌ಗೋಸ್ಕರ ಇಡೀ ಕಾರು ನಿಂತಿತು.

ಈ ಎರಡು ಘಟನೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಮರದ ಚಕ್ರ ದೊಡ್ಡದು, ಹೊತ್ತುಕೊಂಡು ಹೋಗೋದು ಕಷ್ಟ, ಆದರೆ ಮರ ಬಲ್ಲವನು ಯಾವ ಹಳ್ಳಿಯಲ್ಲಾದರೂ ಸಿಗ್ತಾನೆ. ಮ್ಯಾಗ್ನೆಟೋ ಸಣ್ಣದು, ಆದರೆ ದಾರಿಯಲ್ಲಿ ಎಲ್ಲೂ ಸಿಗಲ್ಲ. ಹಾಗಾದ್ರೆ ಬ್ಯಾಗಿನಲ್ಲಿ ಜಾಗ ಕೊಡಬೇಕಾಗಿದ್ದು ಯಾವುದಕ್ಕೆ? ಊರಲ್ಲಿ ಸಿಗದ್ದನ್ನ, ಊರಲ್ಲಿ ಮಾಡೋಕಾಗದ್ದನ್ನ ಮೊದಲು ತುಂಬಿಕೊಳ್ಳಬೇಕು.

ಇನ್ನು ಊರೇ ಇಲ್ಲದ ಕಡೆ ಹೋಗೋಣ. ರಾಲ್ಫ್ ಬ್ಯಾಗ್ನಾಲ್ಡ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದ ಕೊನೆಯಿಂದ, ರಜೆ ಸಿಕ್ಕಾಗಲೆಲ್ಲ ಗೆಳೆಯರ ಜೊತೆ ಈಜಿಪ್ಟ್, ಲಿಬಿಯಾದ ಮರುಭೂಮಿಗೆ ಫೋರ್ಡ್ ಕಾರುಗಳಲ್ಲಿ ಹೋಗ್ತಿದ್ದ. ಅಲ್ಲಿ ಬಡಗಿ ಇಲ್ಲ, ರೈಲು ಇಲ್ಲ, ನೂರಾರು ಕಿಲೋಮೀಟರ್ ಬಾವಿಯೂ ಇಲ್ಲ. ಅವನ ಲೆಕ್ಕ ಸರಳವಾಗಿತ್ತು: ಒಂದು ಕಿಲೋ ಸ್ಪೇರ್ ಜಾಸ್ತಿ ಆದರೆ, ಒಂದು ಲೀಟರ್ ನೀರು ಕಮ್ಮಿ. ಹಾಗಾಗಿ ಕಾರಿನ ಬೇಡದ ಭಾಗವನ್ನೆಲ್ಲ ಕಿತ್ತು, ಹಿಂದೆ ಹಗುರ ಮರದ ಪೆಟ್ಟಿಗೆ ಕೂರಿಸಿದರು. ರೇಡಿಯೇಟರ್ ಕುದಿದು ಹೊರಗೆ ಬರೋ ಹಬೆಯನ್ನ ಪೈಪಿನಲ್ಲಿ ಹಿಡಿದು, ತಣಿಸಿ, ಮತ್ತೆ ನೀರಾಗಿ ವಾಪಸ್ ಕಳಿಸೋ ವ್ಯವಸ್ಥೆ ಮಾಡಿದರು. ಇರುವುದನ್ನ ಪೋಲಾಗದಂತೆ ಉಳಿಸಿಕೊಂಡರೆ, ಹೊರಬೇಕಾದ ಸ್ಪೇರ್ ಅಷ್ಟು ಕಮ್ಮಿ.

1940ರಲ್ಲಿ ಎರಡನೇ ಮಹಾಯುದ್ಧ ಈಜಿಪ್ಟ್ ಬಾಗಿಲಿಗೆ ಬಂದಾಗ ಇದೇ ಹವ್ಯಾಸ ಸೈನ್ಯಕ್ಕೆ ಬೇಕಾಯಿತು. ಬ್ಯಾಗ್ನಾಲ್ಡ್ ಕಟ್ಟಿದ ಪಡೆಯ ಹೆಸರು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಶುರುವಿನಲ್ಲಿ ಸೇರಿದವರಲ್ಲಿ ಹೆಚ್ಚಿನವರು ನ್ಯೂಜಿಲೆಂಡ್‌ನವರು. ಅವರಲ್ಲಿ ಎಷ್ಟೋ ಜನ ರೈತರು, ಯಂತ್ರ ಕೆಟ್ಟರೆ ಹೊಲದಲ್ಲೇ ಸರಿ ಮಾಡಿ ರೂಢಿ ಇದ್ದವರು. ಮುಂದೆ ಭಾರತೀಯ ಅಶ್ವದಳದ ಸೈನಿಕರಿಂದ ಕಟ್ಟಿದ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಈ ಪಡೆಯ ಜೊತೆ ಕೆಲಸ ಮಾಡಿತು.

ಸುಮಾರು 2,400 ಕಿಲೋಮೀಟರ್, ಮೂರು ವಾರ, ಹೊರಗಿನಿಂದ ಏನೂ ಸಿಗಲ್ಲ. ಅಷ್ಟಕ್ಕೆ ಸಿದ್ಧವಾಗಿ ಹೊರಡಬೇಕು. ಷೆವರ್ಲೆ ಟ್ರಕ್‌ಗಳ ಬಾಗಿಲು, ಮುಂದಿನ ಗಾಜು ಎಲ್ಲ ಕಿತ್ತರು. ಕಲ್ಲಿನ ದಾರಿಯಲ್ಲಿ ಮುರಿಯೋದು ಸ್ಪ್ರಿಂಗ್ ಪ್ಲೇಟ್ ಅಂತ ಗೊತ್ತಿದ್ದರಿಂದ ಮೊದಲೇ ಹೆಚ್ಚುವರಿ ಪ್ಲೇಟ್ ಸೇರಿಸಿದರು. ತಂಡಕ್ಕೊಬ್ಬ ಫಿಟ್ಟರ್, ಅವನ ಟ್ರಕ್ಕಿನಲ್ಲಿ ಉಪಕರಣ ಮತ್ತು ಸ್ಪೇರ್. ಟ್ರಕ್‌ಗಳು ಒಂದೇ ಜಾತಿಯವಾದರೆ ಒಂದರ ಪಾರ್ಟ್ ಇನ್ನೊಂದಕ್ಕೆ ಕೂರುತ್ತೆ. ತೀರಾ ಕೆಟ್ಟ ಟ್ರಕ್ಕೇ ಉಳಿದವಕ್ಕೆ ಸ್ಪೇರ್ ಅಂಗಡಿ.

ಆದರೆ ಟ್ರಕ್ಕೇ ಹೋದರೆ? 1941ರ ಜನವರಿ 31ರಂದು ಲಿಬಿಯಾದ ಗೆಬೆಲ್ ಶೆರೀಫ್ ಅನ್ನೋ ಜಾಗದಲ್ಲಿ ಇಟಾಲಿಯನ್ ಪಡೆ ಈ ಗುಂಪಿನ ಒಂದು ತಂಡದ ಮೇಲೆ ಬಿತ್ತು. ಮೂರು ಟ್ರಕ್‌ಗಳು ಸುಟ್ಟುಹೋದವು. ಬಂಡೆಗಳ ನಡುವೆ ನಾಲ್ಕು ಜನ ಉಳಿದರು. ಅವರಲ್ಲಿ ರೊನಾಲ್ಡ್ ಮೂರ್ ಅನ್ನೋನ ಪಾದಕ್ಕೆ ಗಾಯವಾಗಿತ್ತು. ಅವರಿಗೆ ಸಿಕ್ಕಿದ್ದು ಎರಡು ಗ್ಯಾಲನ್ ನೀರಿನ ಒಂದು ತಗಡಿನ ಡಬ್ಬ. ಅದಕ್ಕೂ ಗುಂಡು ತಾಗಿ ತೂತಾಗಿತ್ತು. ತೂತನ್ನ ಮುಚ್ಚಿದರು, ಉಳಿದ ನೀರನ್ನ ಗುಟುಕು ಗುಟುಕಾಗಿ ಹಂಚಿಕೊಂಡರು. ಶರಣಾಗೋ ಬದಲು, ಬಂದ ಟೈರ್ ಗುರುತು ಹಿಡಿದು ದಕ್ಷಿಣಕ್ಕೆ ನಡೆದರು. ಹತ್ತನೇ ದಿನ ಫ್ರೆಂಚ್ ಸೈನಿಕರಿಗೆ ಸಿಕ್ಕಾಗ ಮೂರ್ ಸುಮಾರು 340 ಕಿಲೋಮೀಟರ್ ನಡೆದಿದ್ದ, ಇನ್ನೂ ನಡೀತಾನೇ ಇದ್ದ. ನಾಲ್ವರಲ್ಲಿ ಈಸ್ಟನ್ ಅನ್ನೋನು ಸಿಕ್ಕಿದ ಮೇಲೂ ಉಳಿಯಲಿಲ್ಲ.

ಇದನ್ನ ಓದಿದಾಗ ನಾನು ಯೋಚಿಸಿದ್ದು ಆ ಡಬ್ಬದ ಬಗ್ಗೆ. ತೂತು ಮುಚ್ಚದೇ ಇದ್ದಿದ್ದರೆ ಆ ನಡಿಗೆ ಎರಡನೇ ದಿನಕ್ಕೇ ಮುಗಿದುಹೋಗ್ತಿತ್ತು.

ಆ ಯುದ್ಧದಲ್ಲಿ ಬ್ರಿಟಿಷರಿಗೆ ನಿಜವಾಗಿ ಕೈಕೊಟ್ಟಿದ್ದೂ ಡಬ್ಬವೇ. ಅವರು ಪೆಟ್ರೋಲ್ ಸಾಗಿಸ್ತಿದ್ದದ್ದು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯೋ ತೆಳು ತಗಡಿನ ಚೌಕ ಡಬ್ಬಗಳಲ್ಲಿ. ನಮ್ಮ ದಿನಸಿ ಅಂಗಡಿಯ ಎಣ್ಣೆ ಡಬ್ಬ ಇದೆಯಲ್ಲ, ಅದೇ ಜಾತಿ. ಅಂಗಡಿ ಮೂಲೆಯಲ್ಲಿ ಕೂರೋಕೆ ಅದು ಸಾಕು. ಕಲ್ಲಿನ ದಾರಿಯಲ್ಲಿ ಒಂದಕ್ಕೊಂದು ಉಜ್ಜಿ, ಅಂಚು ಬಿಟ್ಟು, ದಾರಿಯುದ್ದಕ್ಕೂ ಸೋರೋದು. ಸೈನಿಕರು ಅದಕ್ಕಿಟ್ಟ ಹೆಸರೇ ಫ್ಲಿಮ್ಸಿ. ಅಲ್ಲಿನ ದಂಡನಾಯಕ ಆಕಿನ್‌ಲೆಕ್ ಅಂದಾಜಿನ ಪ್ರಕಾರ ಹೊರಟ ಇಂಧನದಲ್ಲಿ ಶೇ. 30ರಷ್ಟು ಹೀಗೇ ಹಾಳಾಗ್ತಿತ್ತು. ಅಷ್ಟು ಪೆಟ್ರೋಲು ಶತ್ರು ಕೈಗೂ ಹೋಗಲಿಲ್ಲ, ಯಾವ ಎಂಜಿನ್ನಿಗೂ ಹೋಗಲಿಲ್ಲ. ಮರಳು ಕುಡಿಯಿತು.

ಎದುರಾಳಿ ಜರ್ಮನ್ನರ ಹತ್ತಿರ ಬೇರೆ ಡಬ್ಬ ಇತ್ತು. 20 ಲೀಟರ್ ಹಿಡಿಯೋ ಗಟ್ಟಿ ಉಕ್ಕಿನ ಡಬ್ಬ. ಜರ್ಮನ್ನರನ್ನ ಬ್ರಿಟಿಷರು 'ಜೆರಿ' ಅಂತಿದ್ರು, ಹಾಗಾಗಿ ಇದು ಜೆರಿಕ್ಯಾನ್. ಇವತ್ತಿಗೂ ಜೀಪಿನ ಹಿಂದೆ ನೋಡ್ತೀವಲ್ಲ, ಅದೇ. ಮೇಲೆ ಮೂರು ಹಿಡಿ ಯಾಕಿದೆ ಅಂತ ಯೋಚಿಸಿದ್ದೀರಾ? ನಡುವಿನದು ಒಬ್ಬನೇ ಎತ್ತೋಕೆ. ಅಂಚಿನ ಎರಡು ಇಬ್ಬರು ಹಿಡಿಯೋಕೆ, ಕೈಯಿಂದ ಕೈಗೆ ದಾಟಿಸೋಕೆ. ಖಾಲಿ ಇದ್ದರೆ ಒಂದೇ ಕೈಯಲ್ಲಿ ಎರಡು ಡಬ್ಬ ಹಿಡೀಬಹುದು. ಪಕ್ಕದಲ್ಲಿರೋ ಅಡ್ಡಗೀಟಿನ ತಗ್ಗು ಚಂದಕ್ಕಲ್ಲ. ಬಿಸಿಲಿಗೆ ಒಳಗಿನದು ಉಬ್ಬಿದಾಗ ಡಬ್ಬ ಒಡೀಬಾರದು ಅಂತ. ಮುಚ್ಚಳ ತೆಗೆಯೋಕೆ ಸ್ಪ್ಯಾನರ್ ಬೇಡ, ಸುರಿಯೋಕೆ ಆಲಿಕೆ ಬೇಡ. ಸಿಕ್ಕ ಕಡೆ ಬ್ರಿಟಿಷ್ ಸೈನಿಕರು ಇದನ್ನ ಬಿಡ್ತಾನೇ ಇರಲಿಲ್ಲ, ಕೊನೆಗೆ ಅದೇ ಮಾದರಿಯಲ್ಲಿ ತಾವೇ ಮಾಡಿಕೊಂಡರು.

ಈ ಡಬ್ಬ ನಮ್ಮ ದೇಶಕ್ಕೂ ಬಂದಿತ್ತು, ಅದೂ ಒಂದು ರೋಡ್ ಟ್ರಿಪ್‌ನಲ್ಲಿ! 1939ರಲ್ಲಿ ಬರ್ಲಿನ್‌ನಲ್ಲಿದ್ದ ಪಾಲ್ ಪ್ಲೈಸ್ ಅನ್ನೋ ಅಮೆರಿಕನ್ ಎಂಜಿನಿಯರ್, ಜರ್ಮನ್ ಸಹೋದ್ಯೋಗಿಯ ಜೊತೆ ಕಾರಿನಲ್ಲಿ ಭಾರತಕ್ಕೆ ಹೊರಟ. ಕಾರು ಸಿದ್ಧವಾದ ಮೇಲೆ ನೆನಪಾಯಿತು, ತುರ್ತಿಗೆ ನೀರು ಇಟ್ಟುಕೊಳ್ಳೋಕೆ ಏನೂ ಇಲ್ಲ. ಆ ಸಹೋದ್ಯೋಗಿ ಬರ್ಲಿನ್‌ನ ವಿಮಾನ ನಿಲ್ದಾಣದಲ್ಲಿದ್ದ ಸೈನ್ಯದ ದಾಸ್ತಾನಿನಿಂದ ಮೂರು ಡಬ್ಬ ತಂದ. ದಾರಿಯಲ್ಲಿ ಜರ್ಮನ್ ಗೆಳೆಯನನ್ನ ವಾಪಸ್ ಕರೆಸಿಕೊಂಡರು. ಪ್ಲೈಸ್ ಒಬ್ಬನೇ ಕಲ್ಕತ್ತಾದವರೆಗೆ ಬಂದು, ಕಾರನ್ನ ಅಲ್ಲೇ ಇರಿಸಿ, ಅಮೆರಿಕಕ್ಕೆ ಮರಳಿದ. ಈ ಡಬ್ಬದ ಬಗ್ಗೆ ಅಲ್ಲಿನ ಸೇನೆಗೆ ಹೇಳಿದರೆ ಮೊದಲು ಯಾರೂ ಕಿವಿಗೊಡಲಿಲ್ಲ. ಬರೀ ಡಬ್ಬ ತಾನೇ!

ಆ 'ಬರೀ ಡಬ್ಬ ತಾನೇ' ಅನ್ನೋ ಮಾತಿನಲ್ಲೇ ನನ್ನ ಕುಂಜುಮ್ ಪಾಸ್ ಕಥೆಯೂ ಇದೆ. ನಾವು ಟ್ಯೂಬಿಗೆ, ಕೇಬಲ್ಲಿಗೆ ದುಡ್ಡು ಹಾಕ್ತೀವಿ. ಅದನ್ನ ಸುತ್ತಿಡೋ ಬಟ್ಟೆ ಬಗ್ಗೆ ಯೋಚನೆ ಮಾಡಲ್ಲ.

ಈಗ ನಾನು ಮಾಡೋದು ಹೇಳ್ತೀನಿ. ಟ್ಯೂಬಿಗೆ ಪೌಡರ್ ಹಚ್ಚಿ, ಬಟ್ಟೆ ಸುತ್ತಿ, ಉಪಕರಣಗಳಿಂದ ದೂರ ಬೇರೆ ಬ್ಯಾಗಿನಲ್ಲಿ ಇಡ್ತೀನಿ. ಸ್ಪ್ಯಾನರ್‌ಗಳು ಬಟ್ಟೆಯ ಸುರುಳಿಯಲ್ಲಿ, ಒಂದಕ್ಕೊಂದು ತಾಗದ ಹಾಗೆ. ಭಾರದ್ದು ಕೆಳಗೆ. ಬೇರಿಂಗನ್ನ ಅದರ ಎಣ್ಣೆ ಕಾಗದದಿಂದ ಬಿಚ್ಚೋದೇ ಇಲ್ಲ. ಬ್ರೇಕ್, ಕ್ಲಚ್ ಲಿವರ್‌ಗಳಿಗೆ ಹಳೇ ಟ್ಯೂಬ್ ತುಂಡು ಸುತ್ತುತ್ತೀನಿ. ಸ್ಪೇರ್ ಕ್ಲಚ್ ಕೇಬಲನ್ನ ಬ್ಯಾಗಿನಲ್ಲಿ ಇಡೋದೇ ಇಲ್ಲ. ಓಡ್ತಿರೋ ಕೇಬಲ್ ಪಕ್ಕದಲ್ಲೇ ಬೈಕಿಗೆ ಕಟ್ಟಿರ್ತೀನಿ, ತುಂಡಾದರೆ ತುದಿ ಬದಲಿಸಿದ್ರೆ ಸಾಕು. ಅಂಟು ಪ್ರತಿ ಸಲ ಹೊಸದು. ಇಬ್ಬರು ಹೋದರೆ ಎಲ್ಲ ಸ್ಪೇರನ್ನೂ ಒಂದೇ ಬೈಕಿನಲ್ಲಿ ಹಾಕಲ್ಲ. ಮತ್ತೆ, ಸಾಧ್ಯವಾದಾಗ ಹೊಸ ಪಾರ್ಟನ್ನ ಹೊರಡೋ ವಾರದ ಮೊದಲೇ ಗಾಡಿಗೆ ಹಾಕಿ ಓಡಿಸಿ, ಚೆನ್ನಾಗಿದ್ದ ಹಳೆಯದನ್ನ ಸ್ಪೇರ್ ಮಾಡ್ತೀನಿ. ಆಗ ಬ್ಯಾಗಿನಲ್ಲಿರೋದು ಕೂರುತ್ತೋ ಇಲ್ಲವೋ ಅನ್ನೋ ಅನುಮಾನವೇ ಇರಲ್ಲ.

ಇನ್ನೊಂದು. ಈಗ ನನ್ನ ಬ್ಯಾಗಿನಲ್ಲಿ ಒಂದು ಅಂಟಿನ ಟ್ಯೂಬ್ ಜಾಸ್ತಿ ಇರುತ್ತೆ. ಅದು ನನಗಲ್ಲ. ದಾರಿ ಬದಿ ಗಾಡಿ ಮಲಗಿಸಿಕೊಂಡು ಕೂತಿರೋ ಇನ್ಯಾರಿಗೋ. ಆ ಲಾರಿ ಡ್ರೈವರ್ ದುಡ್ಡು ತಗೊಳ್ಳಲಿಲ್ಲ ಅಂದ್ನಲ್ಲ, ಆ ಬಾಕಿ ಹೀಗೆ ತೀರಿಸ್ತಿದ್ದೀನಿ. ಹೋದ ವರ್ಷ ಸಕಲೇಶಪುರದ ಹತ್ರ ಒಂದು ಸಲ ಬಳಕೆಯಾಯ್ತು.

ನಿಮ್ಮ ಬ್ಯಾಗಿನಲ್ಲೂ ಎಂದೋ ತುರುಕಿಟ್ಟ ಒಂದು ಸ್ಪೇರ್ ಟ್ಯೂಬ್ ಇದ್ರೆ, ಇವತ್ತು ಒಂದ್ಸಲ ಹೊರಗೆ ತೆಗೆದು ಗಾಳಿ ಹೊಡೆದು ನೋಡಿ.