ಥಾಣೆ–ಕಲ್ಯಾಣ ಸೀಮೆಯ ವಿದ್ಯುತ್ಕಸಬು ಮತ್ತು ಅದರ ಶಾಲೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯುವಾಗ ನಾವು ಉಡುಪಿಯ ಉಪಾಹಾರಗೃಹವನ್ನೂ ಬ್ಯಾಂಕನ್ನೂ ರಾತ್ರಿಶಾಲೆಯನ್ನೂ ಮರೆಯುವುದಿಲ್ಲ. ವಿದ್ಯುದುಪಕರಣಗಳನ್ನು ದುರಸ್ತಿಮಾಡುವ ಕಸಬಿಗೆ ಮಾತ್ರ ಅದರಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಆದರೆ ಡೊಂಬಿವಲಿ, ಕಲ್ಯಾಣಗಳಂಥ ದೂರದ ಊರುಗಳಲ್ಲಿ ವಾಸಿಸಿ ನಿತ್ಯವೂ ಕೋಟೆಯ ಕಚೇರಿಗೆ ಹೋಗಿಬರುವುದು ನಮಗೆ ಸುಲಭವಾದದ್ದೇ ವಿದ್ಯುತ್ತಿನಿಂದ.

1853ರ ಏಪ್ರಿಲ್ 16ರಂದು ಮೊದಲ ರೈಲು ಥಾಣೆಗೆ ಬಂದಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅದು ಉಗಿಯ ಕಾಲ. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1929ರ ಸುಮಾರಿಗೆ ಈ ಮಾರ್ಗಕ್ಕೆ ಶಕ್ತಿಯೊದಗಿಸಲು ಠಾಕುರ್ಲಿಯಲ್ಲಿ ವಿದ್ಯುದಾಗಾರವೂ ಎದ್ದಿತು. ಮೋಟಾರಿನ ಸುರುಳಿ ಸುತ್ತುವವನೂ ತಂತಿಯ ದೋಷ ಹುಡುಕುವವನೂ ಅಂದಿನಿಂದ ಈ ಸೀಮೆಗೆ ಅವಶ್ಯವಾದರು.

ಅವರು ಕಲಿತುದೆಲ್ಲಿ? 1887ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆ ಮುಂಬಯಿಯಲ್ಲಿತ್ತು. ಆದರೆ ಅದರ ಬಾಗಿಲು ಎಲ್ಲರಿಗೂ ಎಟುಕುವಂಥದಾಗಿರಲಿಲ್ಲ. ಉಳಿದವರಿಗೆ ಉಸ್ತಾದನ ಅಂಗಡಿಯೇ ಪಾಠಶಾಲೆ. ಸಾಮಾನ್ಯನಿಗೂ ಕಸಬನ್ನು ಶಾಲೆಯಲ್ಲಿಯೇ ಕಲಿಸಬೇಕೆಂಬ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಮುಂಬಯಿ ಸರಕಾರದಲ್ಲಿ ಬಹುಕಾಲ ದುಡಿದ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾಯಿತು. ಕೇಂದ್ರ ಸರಕಾರದ ಕುಶಲಕರ್ಮಿ ಶಿಕ್ಷಣ ಯೋಜನೆ 1950ರಲ್ಲಿಯೂ ಅಪ್ರೆಂಟಿಸ್ ಶಾಸನ 1961ರಲ್ಲಿಯೂ ಬಂದುವು. ಕೈಗಾರಿಕಾ ತರಬೇತಿ ಸಂಸ್ಥೆಯ ಎಲೆಕ್ಟ್ರಿಷಿಯನ್ ಶಿಕ್ಷಣ ಎರಡು ವರ್ಷದ್ದು. ಅಲ್ಲಿ ಕೈಕೆಲಸದ ಜೊತೆಗೆ ತತ್ತ್ವವೂ ಪಾಠವಾಗಿದೆ.

ಈ ಜೊತೆಗೂಡಿಕೆಯೇ ಮುಖ್ಯವಾದುದು. ಕವಾಟದ ರೇಡಿಯೋ ನೂರಾರು ವೋಲ್ಟುಗಳನ್ನು ಬೇಡುತ್ತಿತ್ತು. ಟ್ರಾನ್ಸಿಸ್ಟರಿಗೆ ಕೆಲವೇ ವೋಲ್ಟು ಸಾಕಾಯಿತು. 1972ರ ಅಕ್ಟೋಬರ್ 2ರಂದು ಮುಂಬಯಿಗೆ ದೂರದರ್ಶನ ಬಂದಿತು. 1925ರ 1500 ವೋಲ್ಟಿನ ನೇರ ಪ್ರವಾಹವು 2016ರ ಹೊತ್ತಿಗೆ ಮಧ್ಯ ರೈಲ್ವೆಯ ಉಪನಗರ ಮಾರ್ಗಗಳಲ್ಲಿ 25,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಸ್ಥಳಬಿಟ್ಟಿತು. ಒಂದೇ ಯಂತ್ರದ ದೋಷವನ್ನು ಬಲ್ಲವನ ವಿದ್ಯೆ ಆ ಯಂತ್ರದೊಡನೆ ಮುಗಿಯುತ್ತದೆ. ಪ್ರವಾಹ, ವಿಭವ, ರೋಧಗಳ ಸಂಬಂಧವನ್ನು ಬಲ್ಲವನು ಹೊಸ ಯಂತ್ರದ ಮುಂದೆಯೂ ನಿಲ್ಲಬಲ್ಲನು. ಪ್ರಮಾಣಪತ್ರಕ್ಕೂ ಬೆಲೆಯುಂಟು: ಸಾಲದ ಅರ್ಜಿಗಳನ್ನು ಪರಿಶೀಲಿಸುವ ನನ್ನಂಥವನಿಗೆ ಕೈಯ ಕುಶಲತೆ ಕಾಣುವುದಿಲ್ಲ, ಕಾಗದ ಕಾಣುತ್ತದೆ.

ಹಗಲು ದುಡಿದು ರಾತ್ರಿ ಓದಿದ ಹುಡುಗರಿಗೆ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಕ್ಷರವನ್ನಿತ್ತುವು. ಸುತ್ತಿಗೆ ಸ್ಕ್ರೂಡ್ರೈವರುಗಳ ವಿದ್ಯೆಯನ್ನು ಅವರ ಜೊತೆಯವರು ಪರಭಾಷೆಗಳಲ್ಲಿ ಕಲಿತರು. ಹಾಗೆ ಕಲಿತವರ ಟಿಪ್ಪಣಿ ಪುಸ್ತಕಗಳೂ ಪ್ರಮಾಣಪತ್ರಗಳೂ ಡೊಂಬಿವಲಿ, ನವಿಮುಂಬಯಿಗಳ ಅಟ್ಟಗಳಲ್ಲಿ ಇನ್ನೂ ಉಳಿದಿರಬಹುದು. ಅವು ರದ್ದಿಗೆ ಸಲ್ಲುವ ಮುನ್ನ ಸಂಘದ ಗ್ರಂಥಾಲಯಕ್ಕೆ ಸಂದರೆ, ನಮ್ಮ ಚರಿತ್ರೆಯ ಬರಿದಾದ ಒಂದು ಪುಟವಾದರೂ ತುಂಬೀತು.