ಅರ್ಲಿ ಆಕ್ಸೆಸ್ (ಊರು ಕಟ್ಟುವ ಆಟಗಳಲ್ಲಿ)

ವಿಡಿಯೊ ಗೇಮ್ ಪೂರ್ತಿಯಾಗುವ ಮೊದಲೇ ಅದನ್ನು ಮಾರಿ, ಆಡುವವರ ದೂರು ಕೇಳುತ್ತ ತಿದ್ದುವ ಪದ್ಧತಿ. ಸ್ಟೀಮ್ ಮಳಿಗೆ 2013ರಲ್ಲಿ ಇದನ್ನು ಆರಂಭಿಸಿತು. ಊರು ಕಟ್ಟುವ ಆಟಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಕಥೆಗೆ ಬೇಕಾದಂತೆ ಅವಕ್ಕೆ ಕೊನೆ ಬೇಕಿಲ್ಲ. ಗ್ರೆಗ್ ಸ್ಟಿಚೆನ್ ಬಹುಪಾಲು ಒಬ್ಬರೇ ಕಟ್ಟತೊಡಗಿದ ಮ್ಯಾನರ್ ಲಾರ್ಡ್ಸ್ ಆಟ 2024ರ ಏಪ್ರಿಲ್ 26ರಂದು ಹೀಗೆ ಬಂದು, ಮೊದಲ ದಿನವೇ 10 ಲಕ್ಷ ಪ್ರತಿ ಖರ್ಚಾಯಿತು. ಆಟದಲ್ಲಿನ ಬಿಲ್ಲುಗಾರರ ಬಾಣಕ್ಕೆ ಬಲವಿಲ್ಲವೆಂಬ ದೂರನ್ನು ಆಮೇಲೆ ಸರಿಪಡಿಸಲಾಯಿತು. ಆದರೆ ಹಿತ್ತಿಲಲ್ಲಿ ತರಕಾರಿ ಬೆಳೆದು ಕೋಳಿ ಸಾಕುವ ಮನೆಗಳು ಮೊದಲ ದಿನದಿಂದಲೇ ಇದ್ದವು.

ಅರೆಬರೆ ಸರಕಿಗೆ ದುಡ್ಡೇಕೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ನಡುವೆಯೇ ಕೈಬಿಟ್ಟ ಆಟಗಳಿವೆ. ಬಹುಕಾಲ ಅಪ್‌ಡೇಟ್ ಕಾಣದವುಗಳ ಮೇಲೆ ಸ್ಟೀಮ್ 2025ರಿಂದ ಎಚ್ಚರಿಕೆ ತೋರಿಸುತ್ತಿದೆ. ಆದರೂ ಅಪೂರ್ಣವಾಗಿರುವುದೇ ದೋಷವಲ್ಲ. ನಿಜವಾದ ಊರಿನಲ್ಲೂ ಇದನ್ನು ಕಾಣಬಹುದು: ನವಿಮುಂಬಯಿಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಆರ್ಟಿಸ್ಟ್ಸ್ ವಿಲೇಜ್ ಬಡಾವಣೆಯಲ್ಲಿ 8 ಮೀಟರ್ ಚೌಕದ ಅಂಗಳದ ಸುತ್ತ 7 ಮನೆ. ಪಕ್ಕದವರೊಡನೆ ಗೋಡೆ ಹಂಚಿಕೊಳ್ಳದ್ದರಿಂದ ಪ್ರತಿ ಮನೆಯನ್ನೂ ಬೆಳೆಸಬಹುದಿತ್ತು. ನಿವಾಸಿಗಳು ಹಲವು ಮನೆಗಳನ್ನು ಗುರುತು ಸಿಗದಂತೆ ಬದಲಿಸಿದರು, ಅಂಗಳಗಳು ಉಳಿದವು. ಆದರೆ ಅಲ್ಲಿ ಇಟ್ಟಿಗೆ ಏರಿಸಿದವರು ಮನೆಯವರೇ. ಆಟ ಕೊಂಡವರು ಮುಂದಿನ ಕಂತಿಗೆ ನಿರ್ಮಾಪಕರ ದಾರಿ ಕಾಯಬೇಕು, ಆಟವನ್ನು ತಾವೇ ಮಾರ್ಪಡಿಸುವ ಮಾಡ್ ಬರೆಯಬಲ್ಲವರ ಮಾತು ಬೇರೆ.