ಓಡದ ಎದುರಾಳಿ: ಕೋಲಾರ ಸೀಮೆಯ ಮನೆಗಳಲ್ಲಿ ಹಕ್ಕಿಗಳು ಕಿಟಕಿ ಕುಕ್ಕುವುದರ ಕಾರಣ ವಿಚಾರ

ಸಾರಾಂಶ

ಕಿಟಕಿಯ ಗಾಜನ್ನೋ ಬೈಕಿನ ಕನ್ನಡಿಯನ್ನೋ ಒಂದೇ ಹಕ್ಕಿ ದಿನಗಟ್ಟಲೆ ಬಂದು ಕುಕ್ಕುವುದು ಊರಲ್ಲೂ ತೋಟದ ಮನೆಯಲ್ಲೂ ಕಾಣುವ ಸಂಗತಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನೆಲ, ಮನೆ ಮತ್ತು ಹಕ್ಕಿಗಳನ್ನು ಮುಂದಿಟ್ಟುಕೊಂಡು ಈ ವರ್ತನೆಯ ಕಾರಣವನ್ನು ಇಲ್ಲಿ ಪರಿಶೀಲಿಸಲಾಗಿದೆ. ಇದು ಎಣಿಕೆಯ ಸಮೀಕ್ಷೆಯಲ್ಲ. ಪಕ್ಷಿವರ್ತನೆಯ ಬಗ್ಗೆ ಈಗಾಗಲೇ ತಿಳಿದಿರುವುದನ್ನು ಒಂದು ಸೀಮೆಗೆ ಹೊಂದಿಸಿ ನೋಡುವ ಪ್ರಯತ್ನ. ಹಕ್ಕಿ ತನ್ನ ಪ್ರತಿಬಿಂಬವನ್ನು ಎದುರಾಳಿ ಎಂದು ಬಗೆಯುತ್ತದೆ ಎಂಬಲ್ಲಿಗೆ ವಿವರಣೆ ಮುಗಿಯುವುದಿಲ್ಲ. ಆ ಎದುರಾಳಿ ಎಂದೂ ಹಿಮ್ಮೆಟ್ಟುವುದಿಲ್ಲ ಎಂಬುದೇ ಕುಕ್ಕಾಟ ವಾರಗಟ್ಟಲೆ ಎಳೆಯಲು ಕಾರಣ ಎಂಬುದು ಲೇಖನದ ವಾದ.

1. ಪ್ರಶ್ನೆ

ಬೆಳಕು ಹರಿಯುತ್ತಿದ್ದಂತೆ ಕಿಟಕಿಯ ಮೇಲೆ ಟಕ್ ಟಕ್ ಸದ್ದು. ಎದ್ದು ಹೋಗಿ ಬಾಗಿಲು ತೆರೆದರೆ ಹಕ್ಕಿ ಕಾಂಪೌಂಡಿನ ಮೇಲೆ ಹಾರಿ ಕೂರುತ್ತದೆ. ಒಳಗೆ ಬಂದರೆ ಮತ್ತೆ ಅದೇ ಸದ್ದು. ಮನೆಯವರು ಸಾಮಾನ್ಯವಾಗಿ ಮೂರು ಉತ್ತರ ಹೇಳಿಕೊಳ್ಳುತ್ತಾರೆ: ಒಳಗೆ ಬರಲು ನೋಡುತ್ತಿದೆ, ಹಸಿವೋ ಬಾಯಾರಿಕೆಯೋ ಆಗಿದೆ, ಅಥವಾ ಏನೋ ಶಕುನ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎನ್ನುವ ನಾಡಿನಲ್ಲಿ ಮೂರನೆಯದು ಸಹಜವೇ. ಈ ಮೂರೂ ಹಕ್ಕಿಗೆ ನಮ್ಮೊಡನೆ ಏನೋ ಕೆಲಸವಿದೆ ಎಂದು ಮೊದಲೇ ಒಪ್ಪಿಕೊಂಡು ಹೊರಡುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಹಕ್ಕಿಯ ಜಗಳ ಗಾಜಿನಲ್ಲಿ ಕಂಡ ಇನ್ನೊಂದು ಹಕ್ಕಿಯೊಡನೆ. ಮನೆಯವರು ಅಲ್ಲಿ ಲೆಕ್ಕಕ್ಕೇ ಇಲ್ಲ.

ಗಾಜಿಗೆ ಡಿಕ್ಕಿ ಹೊಡೆದು ಸಾಯುವುದು ಬೇರೆ ಸಮಸ್ಯೆ. ಅಲ್ಲಿ ಹಕ್ಕಿಗೆ ಗಾಜು ಕಾಣುವುದೇ ಇಲ್ಲ; ಪೂರ್ಣ ವೇಗದಲ್ಲಿ ಬಂದು ಅಪ್ಪಳಿಸುತ್ತದೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಹೀಗೆ ಸಾಯುತ್ತವೆ ಎಂದು 2014ರ ಅಂದಾಜು ಹೇಳುತ್ತದೆ. ಕುಕ್ಕುವ ಹಕ್ಕಿಯಾದರೋ ಕಿಟಕಿಯ ಅಂಚಿನಲ್ಲಿ ಕಾಲೂರಿ ನಿಂತು ಗಾಜನ್ನೇ ನೋಡುತ್ತದೆ, ಹೋಗಿ ಮತ್ತೆ ಬರುತ್ತದೆ. ಈ ಮರಳಿ ಬರುವಿಕೆಗೇ ಕಾರಣ ಬೇಕಾಗಿದೆ.

2. ಗಾಜು ಕನ್ನಡಿಯಾಗುವ ಬಗೆ

ಸಾಮಾನ್ಯ ಕಿಟಕಿ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಸುಮಾರು ಶೇ. 4ರಂತೆ, ಒಟ್ಟು ಶೇ. 8ರಷ್ಟನ್ನು ಹಿಂದಿರುಗಿಸುತ್ತದೆ. ಇಷ್ಟು ಕಡಿಮೆ ಬೆಳಕು ಬಿಂಬ ಮೂಡಿಸುವುದು ಹೇಗೆ? ಉತ್ತರ ಒಳಗಿನ ಕತ್ತಲೆಯಲ್ಲಿದೆ. ಹೊರಗೆ 20,000 ಲಕ್ಸ್, ಕೋಣೆಯೊಳಗೆ 200 ಲಕ್ಸ್ ಬೆಳಕಿದೆ ಎಂದಿಟ್ಟುಕೊಳ್ಳೋಣ. ಹೊರಗಿನದರ ಶೇ. 8 ಎಂದರೆ 1,600. ಒಳಗಿನ 200ರ ಎಂಟು ಪಟ್ಟು. ಹೊರಗೆ ನಿಂತು ನೋಡುವ ಕಣ್ಣಿಗೆ ಕೋಣೆ ಮಾಯವಾಗಿ ಅಂಗಳ, ಮರ, ತನ್ನ ಮೈ ಮಾತ್ರ ಉಳಿಯುತ್ತವೆ. ರಾತ್ರಿ ದೀಪ ಹಾಕಿದಾಗ ಇದು ತಿರುವುಮುರುವಾಗುತ್ತದೆ. ಹಗಲಿನ ಹೊತ್ತು ಕುಕ್ಕಾಟ ನಡೆಯುವುದಕ್ಕೂ, ಬಿಸಿಲು ತಡೆಯಲು ಬಣ್ಣದ ಲೇಪ ಕೊಟ್ಟ ಗಾಜಿನಲ್ಲಿ ಅದು ಹೆಚ್ಚುವುದಕ್ಕೂ ಇದು ಹೊಂದುತ್ತದೆ.

ಇಲ್ಲಿ ಮನೆಗಳ ಚರಿತ್ರೆ ಬರುತ್ತದೆ. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೂ ಮಾಲೂರಿನ ಹೆಂಚು ಹೊದ್ದ ಮನೆಗಳಿಗೂ ಇದ್ದದ್ದು ಕಬ್ಬಿಣದ ಸರಳು, ಮರದ ಬಾಗಿಲಿನ ಸಣ್ಣ ಕಿಟಕಿ. ಆ ಕಾಲದಲ್ಲಿ ಜಗಳಕ್ಕೆ ಸಿಗುತ್ತಿದ್ದುದು ಗೋಡೆಗೆ ನೇತುಹಾಕಿದ ಕನ್ನಡಿ ಒಂದೇ. ಗುಬ್ಬಚ್ಚಿ ಅದನ್ನು ಕುಕ್ಕತೊಡಗಿದರೆ ಮನೆಯವರು ಮೇಲೊಂದು ಬಟ್ಟೆ ಹಾಕುತ್ತಿದ್ದರು. ಬೆಂಗಳೂರಿಗೆ ಅಂಟಿಕೊಂಡ ಮಾಲೂರಿನ ಬಡಾವಣೆಗಳು, ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಕಟ್ಟಡಗಳು, ಆರ್‌ಸಿಸಿ ಮನೆಗಳ ಸ್ಲೈಡಿಂಗ್ ಕಿಟಕಿಗಳು, ಮನೆಮುಂದೆ ನಿಂತ ಬೈಕು ಮತ್ತು ಕಾರು: ಒಂದು ಕನ್ನಡಿಯಿದ್ದ ಕಡೆ ಈಗ ಹತ್ತು. ಹಕ್ಕಿಯ ಸ್ವಭಾವ ಹಳೆಯದೇ. ಎದುರಾಳಿಗಳ ಸಂಖ್ಯೆ ಹೊಸದು.

3. ಎದುರಾಳಿಯ ತರ್ಕ

ಮರಿ ಮಾಡುವ ಕಾಲದಲ್ಲಿ ಅನೇಕ ಹಕ್ಕಿಗಳು ಒಂದಿಷ್ಟು ಜಾಗವನ್ನು ತಮ್ಮ ಹದ್ದು (ಗಡಿಯೊಳಗಿನ ನೆಲ) ಎಂದು ಹಾಡಿನಿಂದಲೂ ಕಾದಾಟದಿಂದಲೂ ಉಳಿಸಿಕೊಳ್ಳುತ್ತವೆ. ಅತಿಕ್ರಮಿಯನ್ನು ಅವು ಗುರುತಿಸುವುದು ಕೆಲವೇ ಚಹರೆಗಳಿಂದ. ಡೇವಿಡ್ ಲ್ಯಾಕ್ ಇಂಗ್ಲೆಂಡಿನ ರಾಬಿನ್ ಹಕ್ಕಿಯ ಮೇಲೆ ನಡೆಸಿ 1943ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪ್ರಯೋಗಗಳಲ್ಲಿ, ಜೀವವಿಲ್ಲದ ಕೆಂಪು ಪುಕ್ಕದ ಗುಚ್ಛವೂ ಹಕ್ಕಿಯನ್ನು ಕೆರಳಿಸಿತು. ಗುಚ್ಛಕ್ಕೇ ಕೆರಳುವ ಹಕ್ಕಿಗೆ, ತನ್ನ ಬಣ್ಣ, ಆಕಾರ, ಚಲನೆ ಎಲ್ಲವನ್ನೂ ಹೊತ್ತ ಬಿಂಬ ಕಡಿಮೆಯೇನಲ್ಲ.

ಬಿಂಬ ತನ್ನದೇ ಎಂದು ಅದಕ್ಕೆ ಏಕೆ ಹೊಳೆಯುವುದಿಲ್ಲ? ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳಿಗೆ ಒಡ್ಡಿದ ಕನ್ನಡಿ ಪರೀಕ್ಷೆಯನ್ನು ದಾಟಿದ ಪ್ರಾಣಿಗಳು ಬೆರಳೆಣಿಕೆಯಷ್ಟು. ಹಕ್ಕಿಗಳಲ್ಲಿ ಯುರೋಪಿನ ಮ್ಯಾಗ್‌ಪೈ ದಾಟಿತೆಂದು 2008ರಲ್ಲಿ ವರದಿಯಾಯಿತು. 2020ರ ಮರುಪ್ರಯೋಗ ಅದನ್ನು ಸಮರ್ಥಿಸಲಿಲ್ಲ. ಮ್ಯಾಗ್‌ಪೈ ಸೇರಿದ ಕಾಗೆಯ ಕುಲದಲ್ಲೇ ಇಷ್ಟು ಅನುಮಾನವಿರುವಾಗ ಗುಬ್ಬಚ್ಚಿಯಿಂದ ಆತ್ಮಪರಿಚಯ ನಿರೀಕ್ಷಿಸುವುದು ಅನ್ಯಾಯ.

ಆದರೆ ಗುರುತು ತಪ್ಪುವುದು ಮೊದಲ ಕುಕ್ಕನ್ನು ಮಾತ್ರ ವಿವರಿಸುತ್ತದೆ, ಸಾವಿರನೆಯ ಕುಕ್ಕನ್ನಲ್ಲ. ಮೇನಾರ್ಡ್ ಸ್ಮಿತ್ ಮತ್ತು ಪ್ರೈಸ್ 1973ರಲ್ಲಿ ತೋರಿಸಿದಂತೆ ಪ್ರಾಣಿಗಳ ಕಾದಾಟ ಸಾಮಾನ್ಯವಾಗಿ ಸಾವಿನವರೆಗೆ ಹೋಗದೆ ಒಂದು ಪಕ್ಷದ ಹಿನ್ನಡೆಯಲ್ಲಿ ಮುಗಿಯುತ್ತದೆ. ಎನ್‌ಕ್ವಿಸ್ಟ್ ಮತ್ತು ಲೈಮಾರ್ 1983ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಕಾದಾಡುವವರು ಪ್ರತಿ ಸುತ್ತಿನಲ್ಲೂ ಎದುರಿನವನ ಬಲವನ್ನು ಅಳೆಯುತ್ತಾರೆ. ಬಲ ಸಮಸಮವಾದಷ್ಟೂ ಕಾದಾಟ ಉದ್ದವಾಗುತ್ತದೆ. ಗಾಜಿನ ಹಕ್ಕಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದ ಸಮಬಲ. ಇದು ರೆಕ್ಕೆ ಕೆದರಿದರೆ ಅದೂ ಕೆದರುತ್ತದೆ, ಇದು ಕುಕ್ಕಿದ ಕ್ಷಣವೇ ಅದೂ ಕುಕ್ಕುತ್ತದೆ. ಇದು ದಣಿದು ದೂರ ಸರಿದಾಗ ಅದೂ ಸರಿಯುತ್ತದೆ. ಆದರೆ ಮರಳಿ ಬಂದು ನೋಡಿದರೆ ಹದ್ದಿನೊಳಗೇ ಇದೆ. ಗೆಲುವಿನ ಗುರುತೂ ಇಲ್ಲ, ಸೋಲಿನ ಗುರುತೂ ಇಲ್ಲ.

ಈ ವಾದಕ್ಕೆ ಹಕ್ಕಿಲೋಕದ ಹೊರಗಿನಿಂದ ಒಂದು ಸಾಕ್ಷ್ಯವಿದೆ. ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮೀನಿನ ಗಂಡುಗಳು ಕನ್ನಡಿಯೊಡನೆ ಜೋರಾಗಿ ಕಾದಾಡಿದರೂ, ನಿಜವಾದ ಕಾದಾಟದಲ್ಲಿ ಏರುವ ಗಂಡು ಹಾರ್ಮೋನು ಏರಲಿಲ್ಲ ಎಂದು 2005ರಲ್ಲಿ ಓಲಿವೇರಾ ಮತ್ತು ಸಂಗಡಿಗರು ಪ್ರಕಟಿಸಿದರು. ಫಲಿತಾಂಶವಿಲ್ಲದ ಜಗಳವನ್ನು ಮೈ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ ಎಂಬ ಸೂಚನೆ ಅದರಲ್ಲಿದೆ. ಮೀನಿನ ಮಾತನ್ನು ಹಕ್ಕಿಗೆ ನೇರವಾಗಿ ಅನ್ವಯಿಸಲಾಗದು. ಪ್ರಶ್ನೆ ಕೇಳುವ ದಾರಿಯನ್ನಂತೂ ಅದು ತೋರಿಸುತ್ತದೆ.

4. ಯಾವ ಹಕ್ಕಿ, ಯಾವ ತಿಂಗಳು

ವಾದ ಸರಿಯಾದರೆ ಕುಕ್ಕಾಟದ ಕ್ಯಾಲೆಂಡರ್ ಮರಿ ಮಾಡುವ ಕ್ಯಾಲೆಂಡರಿಗೆ ಹೊಂದಬೇಕು. ಮುಳಬಾಗಿಲು, ಆವಣಿ, ಕುರುಡುಮಲೆಯ ಕಡೆಯ ಬಂಡೆನೆಲ ಮತ್ತು ಕೋಲಾರದ ಅಂತರಗಂಗೆ ಬೆಟ್ಟದ ತಪ್ಪಲು ಚಿಟ್ಟುಮಡಿವಾಳಕ್ಕೆ ಹೇಳಿ ಮಾಡಿಸಿದಂತಿವೆ. ಕಲ್ಲಿನ ಸಂದು, ಗೋಡೆಯ ತೂತುಗಳಲ್ಲಿ ಗೂಡು ಕಟ್ಟುವ ಈ ಹಕ್ಕಿ ಮನುಷ್ಯನ ಮನೆಗೆ ಹೆದರುವುದಿಲ್ಲ. ಇದರ ಮತ್ತು ಮಡಿವಾಳ ಹಕ್ಕಿಯ ಮುಖ್ಯ ಕಾಲ ಮಾರ್ಚಿನಿಂದ ಮುಂಗಾರಿನ ಆರಂಭದವರೆಗೆ. ಯುಗಾದಿಯ ಆಸುಪಾಸಿನಲ್ಲಿ ಕುಕ್ಕಾಟ ಶುರುವಾದರೆ ಮೊದಲು ಸಂಶಯಿಸಬೇಕಾದವು ಇವೇ.

ಬೈಕಿನ ಕನ್ನಡಿಯ ಮೇಲೆ ಬಾಲ ಕುಣಿಸುತ್ತ ಕೂತದ್ದು ಕಪ್ಪುಬಿಳುಪಿನ ಸಿಪಿಲೆಯಾಗಿರಬಹುದು. ಬಯಲುಸೀಮೆಯಲ್ಲೇ ನೆಲೆಸಿ ಮರಿ ಮಾಡುವ ಸಿಪಿಲೆ ಅದೊಂದೇ. ಮಿಕ್ಕವು ಚಳಿಗಾಲದ ಅತಿಥಿಗಳು. ಹಾಗಾಗಿ ಮೇ ತಿಂಗಳಲ್ಲಿ ಕನ್ನಡಿಗೆ ಬಿದ್ದ ಸಿಪಿಲೆ ಊರಿನದೇ. ಅದಕ್ಕೆ ನೀರಂಚು ಬೇಕು. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಬೇಸಗೆಯಲ್ಲೂ ನೀರು ನಿಲ್ಲುವ ಕೆರೆಗಳು ಈ ಒಣ ಜಿಲ್ಲೆಯಲ್ಲಿ ಹೆಚ್ಚಿವೆ. ಅಂಥ ಕೆರೆಗಳ ಪಕ್ಕದ ಊರುಗಳಲ್ಲಿ ಸಿಪಿಲೆಯ ಹದ್ದುಗಳೂ ಕನ್ನಡಿ ಜಗಳಗಳೂ ಹೆಚ್ಚುತ್ತವೆಯೇ ಎಂಬುದು ಪರೀಕ್ಷೆಗೆ ಒಡ್ಡಬಹುದಾದ ಊಹೆ.

ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಮನೆಗಳಲ್ಲಿ ಗಾಜು ತೋರಿಸುವುದು ಹಕ್ಕಿಯನ್ನಷ್ಟೇ ಅಲ್ಲ, ತೋಪನ್ನೂ. ಪಿಕಳಾರ ಮತ್ತು ಸೂರಕ್ಕಿಗಳಿಗೆ ಅದು ಎದುರಾಳಿ ಹಿಡಿದುಕೊಂಡ ಇನ್ನೊಂದು ತೋಪಿನಂತೆ ಕಾಣಬೇಕು. ಮುಂಗಾರು ಬಲಿತ ಮೇಲೆ ಗಾಜಿನ ಮುಂದೆ ದಪ್ಪ ಸದ್ದು ಕೇಳಿದರೆ ಅದು ಕೆಂಬೂತವಿರಬಹುದು. ತೆಲುಗೂ ಕನ್ನಡವೂ ಒಟ್ಟಿಗೆ ಓಡಾಡುವ ಈ ಗಡಿಯೂರುಗಳಲ್ಲಿ ಜೆಮುಡು ಕಾಕಿ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತೆಂಬುದು ಗಾದೆ. ಗಾಜಿನ ಮುಂದೆ ಅದು ಕೆದರುವುದು ಕೆಂಬೂತವನ್ನೇ ನೋಡಿ. ಗುಬ್ಬಚ್ಚಿ ಮಾತ್ರ ವರ್ಷದ ಬಹುಭಾಗ ಮರಿ ಮಾಡುವುದರಿಂದ ಅದಕ್ಕೆ ಕ್ಯಾಲೆಂಡರಿನ ಕಟ್ಟು ಸಡಿಲ.

ಒಂದು ಎಚ್ಚರಿಕೆ ಬೇಕು. ಚಳಿಗಾಲದ ಕುಕ್ಕಾಟ ಕಂಡಾಕ್ಷಣ ವಾದ ಬೀಳುವುದಿಲ್ಲ. ಇಂಗ್ಲೆಂಡಿನ ಸಿಪಿಲೆಗಳು ಚಳಿಗಾಲದಲ್ಲಿ ಮೇವಿಗಾಗಿಯೇ ಹೊಳೆದಂಡೆಯ ಹದ್ದು ಕಾಯುವುದನ್ನು ನಿಕೊಲಸ್ ಡೇವಿಸ್ 1976ರಲ್ಲಿ ವಿವರಿಸಿದ್ದಾರೆ. ಕಾಯುವುದು ಗೂಡನ್ನೇ ಆಗಬೇಕಿಲ್ಲ, ಹೊಟ್ಟೆಪಾಡೂ ಆಗಬಹುದು.

5. ಬೇರೆ ಕಾರಣಗಳು ಮತ್ತು ಒಂದು ಪರೀಕ್ಷೆ

ಎಲ್ಲ ಕುಕ್ಕೂ ಜಗಳವಲ್ಲ. ಮೊದಲ ಮಳೆಯ ರಾತ್ರಿ ದೀಪಕ್ಕೆ ಮುತ್ತಿದ ಈಸಲು ಹುಳು ಬೆಳಿಗ್ಗೆ ಗಾಜಿಗೆ ಅಂಟಿಕೊಂಡಿದ್ದರೆ ಹಕ್ಕಿ ಅದನ್ನು ಹೆಕ್ಕುತ್ತದೆ. ಮೂಲೆಯ ಜೇಡವೂ ತಿಂಡಿಯೇ. ಅಡಿಗೆಮನೆಯ ಕಿಟಕಿಗೆ ಬರುವ ಕಾಗೆ ಅನ್ನ ಸಿಕ್ಕ ನೆನಪಿನಿಂದ ಬರುತ್ತದೆ. ಅದು ಒಳಗಿನವರನ್ನು ನೋಡುತ್ತದೆ, ಕಾಯುತ್ತದೆ, ತುತ್ತು ಸಿಕ್ಕರೆ ಸುಮ್ಮನಾಗುತ್ತದೆ.

ಇವನ್ನು ಬೇರ್ಪಡಿಸಲು ಹಳೆಯ ಪತ್ರಿಕೆಯೊಂದು ಸಾಕು. ಗಾಜಿನ ಅರ್ಧ ಭಾಗಕ್ಕೆ ಹೊರಗಿನಿಂದ ಹಾಳೆ ಅಂಟಿಸಿ. ಹಕ್ಕಿ ಉಳಿದರ್ಧಕ್ಕೆ ಸರಿದು ಕುಕ್ಕಿದರೆ ಕಾರಣ ಬಿಂಬ. ಗಾಜು ಬಿಟ್ಟು ಚೌಕಟ್ಟು, ಮೂಲೆಗಳನ್ನೇ ಹುಡುಕುತ್ತಿದ್ದರೆ ಹುಳು. ಒಳಗೆ ಜನ ಕಂಡಾಗ ಮಾತ್ರ ಬರುತ್ತಿದ್ದರೆ ತಿಂಡಿಯ ರೂಢಿ.

6. ಸಮಾರೋಪ

ಎದುರಾಳಿ ಓಡದಿರುವುದೇ ಕಾರಣವಾದರೆ, ಪರಿಹಾರವೆಂದರೆ ಅವನನ್ನು ಇಲ್ಲವಾಗಿಸುವುದು. ಹಕ್ಕಿಯನ್ನು ಓಡಿಸಿದರೆ ಪ್ರಯೋಜನವಿಲ್ಲ. ಓಡಿದ್ದು ಅದು, ಉಳಿದದ್ದು ಬಿಂಬ. ಒಳಗಡೆ ದಟ್ಟ ಬಣ್ಣದ ಪರದೆ ಎಳೆದರೆ ಕತ್ತಲೆ ಹೆಚ್ಚಿ ಬಿಂಬ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊರಮೈಗೆ ಸೋಪಿನ ನೀರು ಬಳಿಯುವುದು, ಬಟ್ಟೆಯನ್ನೋ ಸೊಳ್ಳೆ ಪರದೆಯ ಬಲೆಯನ್ನೋ ಕಟ್ಟುವುದು, ಬೈಕಿನ ಕನ್ನಡಿಗೆ ಚೀಲ ತೊಡಿಸುವುದು ಕೆಲಸ ಮಾಡುತ್ತವೆ. ಹಳೆಯ ಮನೆಯವರು ಕನ್ನಡಿಗೆ ಬಟ್ಟೆ ಹಾಕಿದ್ದು ಸಿದ್ಧಾಂತ ಓದಿ ಅಲ್ಲ, ಆದರೆ ಸಿದ್ಧಾಂತ ಹೇಳುವುದೂ ಅದನ್ನೇ. ಹೀಗೆ ಮಾಡುವುದು ಹಕ್ಕಿಗೂ ಒಳಿತು: ಗಾಜಿನ ಮುಂದೆ ಕಳೆದ ಹೊತ್ತು ಮೇವಿನಿಂದ, ಮರಿಯಿಂದ ಕಡಿದ ಹೊತ್ತು.

ಉಳಿದಿರುವುದು ಎಣಿಕೆ. ಹಾಲಿನ ಲೆಕ್ಕ ಗೀಚುವ ಗೋಡೆ ಕ್ಯಾಲೆಂಡರು ಈ ಜಿಲ್ಲೆಯ ಮನೆಮನೆಯಲ್ಲಿದೆ. ಕುಕ್ಕಾಟ ಶುರುವಾದ ದಿನ, ನಿಂತ ದಿನ, ಹಕ್ಕಿಯ ಹೆಸರು, ಇಷ್ಟನ್ನು ಅಲ್ಲೇ ಪಕ್ಕದಲ್ಲಿ ಗುರುತು ಹಾಕಿದರೆ ನಾಲ್ಕೈದು ವರ್ಷದಲ್ಲಿ ನಾಲ್ಕು ತಾಲ್ಲೂಕುಗಳ ಹಕ್ಕಿಗಳು ಯಾವಾಗ ಹದ್ದು ಹಿಡಿಯುತ್ತವೆ, ಯಾವಾಗ ಬಿಡುತ್ತವೆ ಎಂಬ ದಾಖಲೆ ಸಿದ್ಧವಾಗುತ್ತದೆ. ಹಾಳೆ ಅಂಟಿಸುವ ಮೊದಲು ತಾರೀಖು ಬರೆದುಕೊಂಡರಾಯಿತು.